ಮಾಗಿಯ ಚಳಿಯೂ ಎರಡು ಗಾಲಿಯೂ

ಚಳಿಗೆ ಕನ್ನಡದಲ್ಲಿ ಹೆಸರುಗಳು ಹಲವು. ಹಳಗನ್ನಡದ ಕವಿಗಳು ಅದನ್ನು ‘ಕುಳಿರ್’ ಎಂದು ಕರೆದರು. ಪಂಚಾಂಗದವರು ಮಾರ್ಗಶಿರ ಪುಷ್ಯಗಳನ್ನು ಹೇಮಂತಕ್ಕೂ ಮಾಘ ಫಾಲ್ಗುಣಗಳನ್ನು ಶಿಶಿರಕ್ಕೂ ಹಂಚಿಕೊಟ್ಟು, ಒಂದೇ ನಡುಕವನ್ನು ಎರಡು ಋತುಗಳನ್ನಾಗಿ ಮಾಡಿದರು. ಒಕ್ಕಲಿಗನು ಇವೆರಡನ್ನೂ ಸೇರಿಸಿ ‘ಮಾಗಿ’ ಎಂದನು. ಗದಗ-ಬೆಟಗೇರಿಯ ಜನರ ಬಾಯಲ್ಲಿ ಮಾತ್ರ ಅದು ‘ಥಂಡಿ’. ಆ ಮಹಾಪ್ರಾಣವನ್ನು ಒತ್ತಿ ನುಡಿಯುವಾಗ ಬಾಯಿಂದ ಒಂದಿಷ್ಟು ಬಿಸಿಯುಸಿರು ಹೊರಬೀಳುತ್ತದೆ. ಮುಂಜಾವಿನಲ್ಲಿ ಆ ಉಸಿರು ಅಂಗೈಗೆ ತಾಗಿದರೆ ಹಿತವಾಗಿಯೂ ಇರುತ್ತದೆ. ಈ ಶಬ್ದವು ಇಲ್ಲಿ ಬೇರೂರಿದ್ದು ಆ ಕಾರಣಕ್ಕೇ ಎಂದು ಭಾಷಾಶಾಸ್ತ್ರವನ್ನೋದದ ಯಾರಾದರೂ ಊಹಿಸಿದರೆ, ಅವರನ್ನು ತೀರ ಬೈಯುವಂತಿಲ್ಲ.

ಗದಗಿನ ಥಂಡಿಯೆಂದರೆ ಎಷ್ಟು? ಡಿಸೆಂಬರು, ಜನವರಿಗಳ ಬೆಳಗಿನಲ್ಲಿ ಉಷ್ಣಮಾಪಕದ ಪಾದರಸವು ಸಾಮಾನ್ಯವಾಗಿ 16 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಮ್ಮೊಮ್ಮೆ ಇನ್ನೂ ಕೆಳಗಿಳಿಯುತ್ತದೆ. ಕಾಶ್ಮೀರದವನೊಬ್ಬನು ಈ ಅಂಕಿಯನ್ನು ಕೇಳಿದರೆ ನಗುವನು. “ಇದನ್ನು ನಮ್ಮಲ್ಲಿ ವಸಂತವೆನ್ನುತ್ತಾರೆ” ಎಂದಾನು. ನಗಲಿ. ಆದರೆ ಆತನನ್ನು ಬೆಳಗಿನ ಐದೂವರೆಗೆ ಎಬ್ಬಿಸಿ, ಒಂದು ಹಳೆಯ ಸೈಕಲ್ಲಿನ ಮೇಲೆ ಕೂರಿಸಿ, ಬರಿಗೈಯಲ್ಲಿ ಉಕ್ಕಿನ ಹ್ಯಾಂಡಲನ್ನು ಹಿಡಿಸಿ, ಎರೆಹೊಲಗಳ ನಡುವಿನ ಬಟ್ಟಬಯಲು ರಸ್ತೆಯಲ್ಲಿ ಎಂಟು ಕಿಲೋಮೀಟರು ತುಳಿಯಹಚ್ಚಿದರೆ, ಊರು ಸೇರುವಷ್ಟರಲ್ಲಿ ನಗುವುದಕ್ಕೆ ತುಟಿಗಳು ಒಂದಕ್ಕೊಂದು ಒಪ್ಪಬೇಕಲ್ಲ!

ಚಳಿಯಲ್ಲಿ ಎರಡು ಜಾತಿಗಳುಂಟು. ಮನೆಯ ಬಾಗಿಲಿಗೆ ತಾನಾಗಿ ಬರುವ ಚಳಿ ಒಂದು; ಮನುಷ್ಯನೇ ಎದ್ದು ಹೋಗಿ ಎದುರುಗೊಳ್ಳುವ ಚಳಿ ಇನ್ನೊಂದು. ಮೊದಲನೆಯದಕ್ಕೆ ಕೌದಿಯಿದೆ, ಕಿಟಕಿಯ ಬಾಗಿಲಿದೆ, ಎರಡನೆಯ ಕಪ್ಪು ಚಹಾ ಇದೆ. ಅದನ್ನು ಕುರಿತು ‘ಆಹಾ, ಎಂಥ ಹವೆ!’ ಎಂದು ಹೊಗಳಬಹುದು. ಎರಡನೆಯದನ್ನು ಹೊಗಳಿದವರನ್ನು ಕಾಣುವುದು ಅಪರೂಪ. ಅದನ್ನು ಬಲ್ಲವರಿಗೆ ಹೊಗಳುವಷ್ಟು ಬಿಡುವಿರುವುದಿಲ್ಲ. ಸೈಕಲ್ಲಿನ ಸವಾರನು ಈ ಎರಡನೆಯ ಚಳಿಯ ಪ್ರಜೆ.

ಅವನ ಕಷ್ಟದಲ್ಲಿ ಒಂದು ವಿಚಿತ್ರವಿದೆ. ಗಾಳಿಯೇ ಇಲ್ಲದ ದಿನವೂ ಅವನಿಗೆ ಗಾಳಿ ತಪ್ಪಿದ್ದಲ್ಲ. ಸುಮ್ಮನೆ ನಿಂತವನ ಮೈಸುತ್ತ, ಅವನದೇ ದೇಹದ ಕಾವಿನಿಂದ ಬೆಚ್ಚಗಾದ ಗಾಳಿಯ ಒಂದು ತೆಳುವಾದ ಪದರವು ಕವಚದಂತೆ ನಿಂತಿರುತ್ತದೆ. ಗಂಟೆಗೆ ಹದಿನೈದು ಕಿಲೋಮೀಟರಿನ ವೇಗದಲ್ಲಿ ಸಾಗುವವನಿಗೆ ಆ ಕವಚವು ನಿಲ್ಲುವುದೆಲ್ಲಿ? ಕ್ಷಣಕ್ಷಣಕ್ಕೂ ಅದು ಕಿತ್ತುಹೋಗುತ್ತದೆ. ಹೊಸ ತಣ್ಣನೆಯ ಗಾಳಿ ಮೈಗೆ ಅಂಟುತ್ತದೆ. ಬೇಗ ತಲುಪಿ ಚಳಿಯಿಂದ ಪಾರಾಗೋಣವೆಂದು ಜೋರಾಗಿ ತುಳಿದರೆ ಗಾಳಿ ಹೆಚ್ಚು. ಗಾಳಿಗೆ ಹೆದರಿ ಮೆಲ್ಲಗೆ ತುಳಿದರೆ ದಾರಿ ಉದ್ದ. ಸಾಲಗಾರನ ಬಡ್ಡಿಯ ಲೆಕ್ಕದಂತೆ, ಹೇಗೆ ತೀರಿಸಿದರೂ ಮೊತ್ತ ಅಷ್ಟೇ.

ಇನ್ನೊಂದು ವಿಚಿತ್ರ ಅವನ ದೇಹದೊಳಗೇ ಇದೆ. ತುಳಿಯುವ ಕಾಲುಗಳ ಸ್ನಾಯುಗಳು ತಾವು ಉರಿಸಿದ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲನ್ನಷ್ಟೇ ಗಾಲಿಗೆ ಕೊಡುತ್ತವೆ. ಉಳಿದುದೆಲ್ಲ ಬಿಸಿಯಾಗಿ ಮೈಯಲ್ಲಿ ಹರಡುತ್ತದೆ. ಆದ್ದರಿಂದ ಅರ್ಧ ದಾರಿ ಸವೆಯುವಷ್ಟರಲ್ಲಿ ಬೆನ್ನು ಬೆವರುತ್ತಿರುತ್ತದೆ, ಬೆರಳುಗಳು ಮರಗಟ್ಟಿರುತ್ತವೆ. ತೊಡೆಯಲ್ಲಿ ವೈಶಾಖ, ಕಿವಿಯಲ್ಲಿ ಪುಷ್ಯ! ಪಂಚಾಂಗದವರು ಹೇಮಂತ ಶಿಶಿರಗಳನ್ನು ಬೇರೆ ಬೇರೆ ತಿಂಗಳುಗಳಿಗೆ ಹಂಚಿದರು. ಸೈಕಲ್ಲು ಎರಡು ಋತುಗಳನ್ನು ಒಂದೇ ದೇಹದಲ್ಲಿ ಸಂಸಾರ ಹೂಡಿಸುತ್ತದೆ.

ಅವನು ಹೊರಡುವ ವೇಳೆಯೂ ನೆಟ್ಟಗಿಲ್ಲ. ಮೋಡವಿಲ್ಲದ ಮಾಗಿಯ ರಾತ್ರಿಯಲ್ಲಿ ನೆಲವು ಹಗಲು ಗಳಿಸಿದ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತ ಹೋಗುತ್ತದೆ. ಮೋಡಗಳು ಭೂಮಿಯ ಕಂಬಳಿ. ಈ ಕಾಲದಲ್ಲಿ ಆ ಕಂಬಳಿಯಿಲ್ಲ. ಹೀಗೆ ರಾತ್ರಿಯೆಲ್ಲ ಆರುತ್ತ ಬಂದ ನೆಲವು ಅತ್ಯಂತ ತಣ್ಣಗಿರುವುದು ನಡುರಾತ್ರಿಯಲ್ಲಲ್ಲ, ಸೂರ್ಯೋದಯದ ಹೊತ್ತಿನಲ್ಲಿ. ಆ ಸೂರ್ಯೋದಯವೂ ಇಲ್ಲಿ ಸಾವಕಾಶ. ಭಾರತದ ಗಡಿಯಾರಗಳು ಪೂರ್ವದ 82.5 ಡಿಗ್ರಿ ರೇಖಾಂಶದ ಸೂರ್ಯನನ್ನು ನಂಬಿ ನಡೆಯುತ್ತವೆ. ಗದಗು ಅಲ್ಲಿಂದ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ. ಆದುದರಿಂದ ಇಲ್ಲಿಯ ಸೂರ್ಯನು ಗಡಿಯಾರಕ್ಕಿಂತ ಹತ್ತಿರ ಹತ್ತಿರ ಅರ್ಧ ಗಂಟೆ ಹಿಂದೆ. ಸಂಕ್ರಾಂತಿಗೆ ದಿನಗಳು ಬೆಳೆಯತೊಡಗಿದುವೆಂದು ಎಳ್ಳು ಬೀರಿ ಸಂತೋಷಪಡುತ್ತೇವೆಂಬುದೇನೋ ನಿಜ. ಆದರೆ ಆಗಲೂ ಸೂರ್ಯ ಮೂಡುವುದು ಬೆಳಗಿನ ಏಳರ ಸುಮಾರಿಗೇ. ಶಾಲೆಯ ಗಂಟೆ, ಅಂಗಡಿಯ ಬಾಗಿಲು, ಹಾಲಿನ ವಾಡಿಕೆ ಇವು ಯಾವುವೂ ರೇಖಾಂಶವನ್ನು ಕೇಳುವುದಿಲ್ಲ. ಹೀಗಾಗಿ ಮುಂಜಾವಿನ ಸವಾರನಿಗೆ ಕತ್ತಲೆಯೂ ಚಳಿಯೂ ಒಂದೇ ಹೊತ್ತಿಗೆ ಪಾಲಿಗೆ ಬರುತ್ತವೆ.

ಯಾರು ಈ ಸವಾರರು? ಊರು ಏಳುವ ಮೊದಲು ಎದ್ದವರು. ಬೆಟಗೇರಿಯ ನೇಕಾರರ ಓಣಿಗಳಲ್ಲಿ ಮಗ್ಗದ ಸದ್ದು ಮೊದಲಿನಷ್ಟು ದಟ್ಟವಾಗಿಲ್ಲ. ಆದರೂ ಗದಗಿಗೂ ಬೆಟಗೇರಿಗೂ ನಡುವೆ, ಒಂದೇ ನಗರವಾಗಿ ಎರಡು ಹೆಸರುಗಳನ್ನು ಉಳಿಸಿಕೊಂಡಿರುವ ಈ ಜೋಡಿ ಊರುಗಳ ನಡುವೆ, ಬೆಳಕು ಹರಿಯುವ ಮೊದಲೇ ಗಾಲಿಗಳು ಓಡಾಡತೊಡಗುತ್ತವೆ. ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ಕ್ಯಾನುಗಳನ್ನು ತೂಗಿಬಿಟ್ಟ ಹಾಲಿನವನು. ಹ್ಯಾಂಡಲಿನ ಮೇಲೆ ವರ್ತಮಾನಪತ್ರಿಕೆಗಳ ಕಟ್ಟನ್ನು ಹೇರಿಕೊಂಡ ಹುಡುಗ. ಸುತ್ತಣ ಹಳ್ಳಿಯಿಂದ ಮೆಂತ್ಯ, ಹಕ್ಕರಕಿ, ಮೂಲಂಗಿಗಳ ಗಂಟನ್ನು ತಂದ ಮುದುಕ. ರಾತ್ರಿಯ ಕಾವಲನ್ನು ಮುಗಿಸಿ ಎಲ್ಲರಿಗೂ ಎದುರಾಗಿ ಮನೆಗೆ ಹೋಗುವ ಕಾವಲುಗಾರ. ಬಲ್ಲಿದರ ಮನೆಯ ಚಹದಲ್ಲಿ ಬೀಳುವ ಹಾಲು, ಚಹದ ಜೊತೆ ಬಿಚ್ಚುವ ಪತ್ರಿಕೆ, ಹನ್ನೊಂದು ಗಂಟೆಯ ರೊಟ್ಟಿಯೊಡನೆ ಬರುವ ಸೊಪ್ಪು, ಎಲ್ಲವೂ ಯಾರದೋ ಮರಗಟ್ಟಿದ ಬೆರಳುಗಳ ಮೂಲಕವೇ ದಾಟಿ ಬಂದಿರುತ್ತವೆ.

ಇವರ ಉಡುಪನ್ನು ನೋಡಬೇಕು. ತಲೆಗೆ ಸುತ್ತಿದ ಮಫ್ಲರು ಕಿವಿಗಳನ್ನು ಮುಚ್ಚಿ, ಗದ್ದದ ಕೆಳಗೆ ಹಾಯ್ದು, ಹಿಂದೆ ಗಂಟಾಗಿರುತ್ತದೆ. ಮಗನ ಹಳೆಯ ಸ್ವೆಟರು ತಂದೆಯ ಮೈಮೇಲೆ. ತೋಳುಗಳು ಮೊಣಕೈಯನ್ನು ದಾಟಿ ಸ್ವಲ್ಪದೂರ ಬಂದು ನಿಂತಿರುತ್ತವೆ. ಕೆಲವರು ಕಾಲುಚೀಲಗಳನ್ನು ಕೈಗೆ ಹಾಕಿಕೊಳ್ಳುವುದುಂಟು; ನೋಡಿದವರು ನಗುತ್ತಾರೆ, ಹಾಕಿಕೊಂಡವರ ಬೆರಳುಗಳು ನಗುತ್ತವೆ. ಕಂಬಳಿಯ ಗೊಪ್ಪೆಯನ್ನು ಹಾಕಿಕೊಂಡ ಹಿರಿಯನೊಬ್ಬ ಕತ್ತಲೆಯಿಂದ ಮೂಡಿಬಂದರೆ, ಒಂದು ಪುಟ್ಟ ಗುಡ್ಡವೇ ಗಾಲಿ ಕಟ್ಟಿಕೊಂಡು ಬಂದಂತೆ ತೋರುತ್ತದೆ. ಅಂಗಿಯ ಒಳಗೆ, ಎದೆಯ ಮೇಲೆ, ಹಳೆಯ ಪತ್ರಿಕೆಯೊಂದನ್ನು ಮಡಿಸಿ ಇಟ್ಟುಕೊಳ್ಳುವ ಜಾಣರೂ ಇದ್ದಾರೆ. ಇದನ್ನು ಬಡವರ ಉಪಾಯವೆಂದು ಮೂಗು ಮುರಿಯಬೇಕಾಗಿಲ್ಲ. ಫ್ರಾನ್ಸ್ ದೇಶದ ಪ್ರಖ್ಯಾತ ಸೈಕಲ್ ಪಂದ್ಯದಲ್ಲಿ, ಪರ್ವತವನ್ನೇರಿ ಬೆವರಿದ ಸ್ಪರ್ಧಾಳುಗಳು ಇಳಿಜಾರಿನ ಗಾಳಿಗೆ ಸಿಗುವ ಮೊದಲು ಇದನ್ನೇ ಮಾಡುತ್ತಿದ್ದರು. ದಾರಿಯ ಬದಿಯ ಪ್ರೇಕ್ಷಕರಿಂದ ಪತ್ರಿಕೆ ಇಸಿದುಕೊಂಡು ಅಂಗಿಯೊಳಗೆ ಸೇರಿಸುತ್ತಿದ್ದರು. ಕಾಗದದ ಮಡಿಕೆಗಳಲ್ಲಿ ಸಿಕ್ಕಿಕೊಂಡ ಗಾಳಿ ಕಾವನ್ನು ಹಿಡಿದಿಡುತ್ತದೆ. ಪತ್ರಿಕೆಯ ಸುದ್ದಿಯು ಓದುಗನ ಎದೆಯನ್ನು ಮುಟ್ಟಬೇಕೆನ್ನುವ ಸಂಪಾದಕರಿಗೆ ಇದಕ್ಕಿಂತ ಬೇರೆ ಸಮಾಧಾನ ಬೇಕೆ?

ಇನ್ನು ಅವರ ವಾಹನದ ಮಾತು. ಎರಡು ಸಮಾನವಾದ ಗಾಲಿಗಳು, ಹಿಂದಿನ ಗಾಲಿಗೆ ಸರಪಳಿ, ಈ ರೂಪವನ್ನು ಸೈಕಲ್ಲಿಗೆ ನೆಲೆಗೊಳಿಸಿದ್ದು 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎಂಬವನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ಪನು ಗಾಳಿ ತುಂಬಿದ ಟಯರನ್ನು ತಂದನು. ಆಮೇಲಿನ ನೂರಾಮೂವತ್ತು ವರ್ಷಗಳಲ್ಲಿ ಲೋಕದ ಎಲ್ಲ ಯಂತ್ರಗಳೂ ರೂಪಾಂತರ ಹೊಂದಿದವು. ಆ ಮೂಲ ಸೈಕಲ್ಲು ಮಾತ್ರ ಹೆಚ್ಚು ಕಡಿಮೆ ಹಾಗೆಯೇ ಇದೆ. ಸ್ವತಂತ್ರ ಭಾರತದಲ್ಲಿ 1951ರಲ್ಲಿ ಸೋನೀಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಸೈಕಲ್ಲುಗಳ ತಯಾರಿಕೆ ಮೊದಲಾಯಿತು. ಅಂದಿನ ದಿನಗಳಲ್ಲಿ ಸೈಕಲ್ಲು ಕೊಂಡವನು ಓಣಿಯಲ್ಲಿ ತಿಂಗಳೊಪ್ಪತ್ತು ಮದುಮಗನಾಗಿರುತ್ತಿದ್ದನು; ಕೊಳ್ಳಲಾರದವನಿಗೆ ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲು ಇತ್ತು. ಕಾಲ ಬದಲಾಯಿತು. ವಿಶ್ವಸಂಸ್ಥೆಯು ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು 2018ರಲ್ಲಿ ಗೊತ್ತುಮಾಡಿತು. 2020ರ ಅದೇ ಜೂನ್ 3ರಂದು ಸಾಹಿಬಾಬಾದಿನಲ್ಲಿದ್ದ ಅಟ್ಲಾಸಿನ ಕಾರ್ಖಾನೆ ಬಾಗಿಲು ಮುಚ್ಚಿತು. ಆದರೆ ಸೈಕಲ್ಲು ಮುಗಿಯಿತೆಂದು ತಿಳಿಯಬಾರದು. 2011ರ ಜನಗಣತಿಯ ಪ್ರಕಾರ ಭಾರತದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ಲಿತ್ತು. ಅದು ಮದುಮಗನ ಪಟ್ಟದಿಂದ ಇಳಿದು ಮನೆಯ ಹಿರಿಯ ಆಳಿನ ಸ್ಥಾನಕ್ಕೆ ಬಂದಿದೆ, ಅಷ್ಟೆ. ಹಾಗೆ ಇಳಿದವರನ್ನು ಜನ ಬೇಗ ಮರೆಯುತ್ತಾರೆ.

ಚಳಿಯು ಈ ಯಂತ್ರವನ್ನೂ ಬಿಡುವುದಿಲ್ಲ. ಮಧ್ಯಾಹ್ನ 30 ಡಿಗ್ರಿಯ ಹವೆಯಲ್ಲಿ ತುಂಬಿದ ಗಾಳಿಯು ಬೆಳಗಿನ 16 ಡಿಗ್ರಿಗೆ ಇಳಿದಾಗ ಕುಗ್ಗಿ, ಅದರ ಒತ್ತಡದಲ್ಲಿ ನೂರಕ್ಕೆ ಐದು ಪಾಲು ಕಡಿಮೆಯಾಗುತ್ತದೆ. ಮೊದಲೇ ಮೆತ್ತಗಿದ್ದ ಟಯರು ಇನ್ನಷ್ಟು ನೆಲಕ್ಕೊರಗುತ್ತದೆ. ತುಳಿಯುವ ಭಾರ ಹೆಚ್ಚುತ್ತದೆ. ಗುಂಬದೊಳಗಿನ ಎಣ್ಣೆ ಗಟ್ಟಿಯಾಗುತ್ತದೆ. ಇಬ್ಬನಿಯಿಂದ ತೊಯ್ದ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ. ಹಳೆಯ ಸೈಕಲ್ಲುಗಳ ಡೈನಮೋ ದೀಪವಂತೂ ಒಂದು ತತ್ತ್ವವನ್ನೇ ಬೋಧಿಸುತ್ತಿತ್ತು. ಟಯರಿಗೆ ಒರಗಿ ತಿರುಗುವ ಆ ಪುಟ್ಟ ಬಾಟಲಿಯಿಂದ ಬೆಳಕು ಬರಬೇಕಾದರೆ ಗಾಲಿ ಉರುಳುತ್ತಿರಬೇಕು. ಏರು ಬಂದು ವೇಗ ತಗ್ಗಿದೊಡನೆ, ಅಂದರೆ ಸವಾರನು ದಣಿದು ತೂರಾಡುವ ಗಳಿಗೆಯಲ್ಲೇ, ದೀಪ ಮಂಕಾಗುತ್ತಿತ್ತು. ಅವನು ನಿಂತೊಡನೆ ಅದೂ ಆರುತ್ತಿತ್ತು. ದುಡಿಯುವಷ್ಟು ಹೊತ್ತು ಮಾತ್ರ ಬೆಳಕು ಎಂಬ ಷರತ್ತು ಸೈಕಲ್ಲಿನವನ ಬಾಳಿಗೆ ಹೊಸದೇನಲ್ಲ.

ಗದಗಿನಿಂದ ಹೊರಡುವ ರಸ್ತೆಗಳಿಗೂ ಚಳಿಯ ವಿಷಯದಲ್ಲಿ ಬೇರೆ ಬೇರೆ ಸ್ವಭಾವಗಳಿವೆ. ಲಕ್ಷ್ಮೇಶ್ವರಕ್ಕಾಗಲಿ ಮುಂಡರಗಿಗಾಗಲಿ ಸುಮಾರು ನಾಲ್ವತ್ತು ಕಿಲೋಮೀಟರು. ಅಷ್ಟು ದೂರವನ್ನು ದಿನವೂ ಯಾರೂ ತುಳಿಯುವುದಿಲ್ಲ. ಆದರೆ ಆ ದಾರಿಗಳಿಗೆ ಅಂಟಿಕೊಂಡ ಹಳ್ಳಿಗಳಿಂದ ಹತ್ತಿರದ ಪೇಟೆಗೆ ಐದು, ಎಂಟು, ಹತ್ತು ಕಿಲೋಮೀಟರು ತುಳಿಯುವವರು ಎಲ್ಲ ಕಡೆಗೂ ಇದ್ದಾರೆ. ಮಾಗಿಯಲ್ಲಿ ಇಲ್ಲಿ ಬೀಸುವುದು ಮೂಡಗಾಳಿ. ಮುಂಡರಗಿಯ ದಿಕ್ಕಿನಿಂದ, ಡಂಬಳದ ದೊಡ್ಡಬಸಪ್ಪನ ಗುಡಿಯ ಕಡೆಯಿಂದ ಗದಗಿನತ್ತ ಬರುವವನಿಗೆ ಅದು ಬೆನ್ನಿಗೆ ಕೈಯಿಟ್ಟು ನೂಕುವ ಗೆಳೆಯ. ಸಂಜೆ ಹಿಂದಿರುಗುವಾಗ ಅದೇ ಗೆಳೆಯನು ಎದುರು ನಿಂತು ಬೆಳಗಿನ ಉಪಕಾರವನ್ನು ವಸೂಲು ಮಾಡುತ್ತಾನೆ. ಲಕ್ಷ್ಮೇಶ್ವರದ ಕಡೆಯಿಂದ ಈಶಾನ್ಯಕ್ಕೆ ಮುಖಮಾಡಿ ಬರುವವನಿಗೆ ಬೆಳಗಿನಲ್ಲೇ ಎದುರುಗಾಳಿ. ಶಿರಹಟ್ಟಿಗೂ ಮುಂಡರಗಿಗೂ ನಡುವೆ ಮಲಗಿರುವ ಕಪ್ಪತಗುಡ್ಡದ ನೆತ್ತಿಯಲ್ಲಿ ಗಾಳಿಯ ವಿದ್ಯುದ್ಯಂತ್ರಗಳು ರೆಕ್ಕೆ ತಿರುಗಿಸುತ್ತ ನಿಂತಿವೆ. ಈ ನಾಡಿನ ಗಾಳಿಯಲ್ಲಿ ಎಷ್ಟು ಬಲವಿದೆಯೆಂದು ಕಂಪನಿಗಳು ಅಳೆದು ಕಂಡುಕೊಂಡುವು. ಸೈಕಲ್ಲಿನವರಿಗೆ ಅದು ಅದಕ್ಕೂ ಮೊದಲೇ ತಿಳಿದಿತ್ತು. ಅವರನ್ನು ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಆದರೂ ಒಂದು ಮಾತನ್ನು ಒಪ್ಪಬೇಕು: ಎರೆಸೀಮೆಯ ಸೈಕಲ್ಲಿನವನು ಮಾಗಿಯನ್ನು ಶಪಿಸುವುದಿಲ್ಲ. ಅವನ ನಿಜವಾದ ವೈರಿ ಮಳೆಗಾಲ. ಎರಡು ಹನಿ ಬಿದ್ದರೆ ಸಾಕು, ಕರಿಮಣ್ಣು ಗಾಲಿಯನ್ನು ಅಪ್ಪಿಕೊಂಡು ಮಡಗಾರ್ಡಿನೊಳಗೆ ತುಂಬಿ, ಗಾಲಿ ತಿರುಗದಂತೆ ಮಾಡುತ್ತದೆ. ಆಗ ಸವಾರನು ಸೈಕಲ್ಲಿನ ಮೇಲೆ ಕೂರುವುದಿಲ್ಲ. ಸೈಕಲ್ಲೇ ಸವಾರನ ಹೆಗಲ ಮೇಲೆ ಕೂರುತ್ತದೆ. ಮಾಗಿಯು ನೋಯಿಸುತ್ತದೆ, ತಡೆಯುವುದಿಲ್ಲ. ಬಡವನಿಗೆ ಈ ವ್ಯತ್ಯಾಸ ದೊಡ್ಡದು. ಮೇಲಾಗಿ ಈ ಚಳಿಯಿಂದಲೇ ಹೊಲಗಳು ಬದುಕುತ್ತವೆ. ಹಿಂದೆ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂದು ಶಾಸನಗಳಲ್ಲಿ ಹೆಸರಾದ ನಾಡುಗಳು ಇವು. ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಇಲ್ಲಿಯ ಎರೆಯಲ್ಲಿ ಹಿಂಗಾರಿನ ಬಿಳಿಜೋಳ, ಕಡಲೆ, ಕುಸುಬೆಗಳು ಮಳೆ ಹೋದ ಮೇಲೆ ನೆಲದ ಹಸಿಯನ್ನೂ ರಾತ್ರಿಯ ತಂಪನ್ನೂ ನಂಬಿ ಬೆಳೆಯುತ್ತವೆ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲುವ ಒಕ್ಕಲಿಗನು, ಥಂಡಿ ಚೆನ್ನಾಗಿ ಬಿದ್ದರೆ ‘ಬೆಳಿ ಚಲೋ ಬರ್ತೈತಿ’ ಎನ್ನುತ್ತಾನೆ. ಅವನ ಕಡಲೆಗೆ ಹಿತವಾದುದು ಅವನ ಕಿವಿಗೆ ಹಿತವಲ್ಲ. ಕಿವಿಯನ್ನು ಬಿಟ್ಟುಕೊಟ್ಟು ಕಡಲೆಯ ಪಕ್ಷವನ್ನು ವಹಿಸುವನು.

ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವಿನ ಮಾಗಡಿಯ ಕೆರೆಯ ಬಳಿ ಈ ಕಾಲದಲ್ಲಿ ಸೈಕಲ್ಲು ತುಳಿಯುವವನಿಗೆ ಮೇಲಿನಿಂದ ಜೊತೆ ಸಿಗುತ್ತದೆ. ಮಧ್ಯ ಏಷ್ಯದ ಎತ್ತರದ ನಾಡುಗಳಿಂದ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತವೆ. 7,000 ಮೀಟರಿಗೂ ಮಿಕ್ಕ ಎತ್ತರದಲ್ಲಿ ಹಾರಬಲ್ಲ ಈ ಹಕ್ಕಿಗಳು ಚಳಿಗಾಲವನ್ನು ಇಲ್ಲಿ ಕಳೆದು ಬೇಸಗೆಗೆ ಮುನ್ನ ಹಿಂದಿರುಗುತ್ತವೆ. 2024ರಲ್ಲಿ ಈ ಕೆರೆಯು ಅಂತರರಾಷ್ಟ್ರೀಯ ಮಹತ್ತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಯಲ್ಲಿ ಸೇರಿತು. ಯಾವ ಥಂಡಿಯಿಂದ ತಪ್ಪಿಸಿಕೊಳ್ಳಲು ಸವಾರನು ಮಫ್ಲರನ್ನು ಬಿಗಿಯುತ್ತಾನೋ, ಅದೇ ಥಂಡಿಯನ್ನು ಬೆಚ್ಚಗಿದೆಯೆಂದು ಬಗೆದು ಅವು ಸಾವಿರಾರು ಕಿಲೋಮೀಟರು ಹಾರಿ ಬಂದಿರುತ್ತವೆ. ಹೊಲದಲ್ಲಿ ಮೇದು ನಸುಕಿನಲ್ಲಿ ಕೆರೆಗೆ ಮರಳುವ ಹಕ್ಕಿಗಳ ಸಾಲು ಮೇಲೆ. ಪೇಟೆಗೆ ಹೋಗುವ ಸೈಕಲ್ಲುಗಳ ಸಾಲು ಕೆಳಗೆ. ಹೊಟ್ಟೆಯ ಕೆಲಸಕ್ಕೆ ಹೋಗಿ ಬರುವವರೇ ಎರಡೂ ಕಡೆಗೆ. ಮೇಲಿನವರನ್ನು ನೋಡಲು ದೂರದಿಂದ ಜನ ಬರುತ್ತಾರೆ; ಕೆಳಗಿನವರತ್ತ ನೋಡುವವರಿಲ್ಲ.

ಗದಗಿನ ಥಂಡಿಗೆ ಒಬ್ಬ ಮಹಾಕವಿಯ ನಂಟೂ ಇದೆ. ಕುಮಾರವ್ಯಾಸನು ವೀರನಾರಾಯಣನ ಗುಡಿಯಲ್ಲಿ ಭಾರತವನ್ನು ಬರೆಯುವಾಗ, ಸ್ನಾನಮಾಡಿ ಒದ್ದೆಬಟ್ಟೆಯಲ್ಲಿಯೇ ಬಂದು ಕಂಬದ ಬಳಿ ಕೂರುತ್ತಿದ್ದನೆಂದೂ, ಬಟ್ಟೆ ಆರುವವರೆಗೆ ಮಾತ್ರ ಕವಿತೆ ಹರಿಯುತ್ತಿತ್ತೆಂದೂ ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಒರೆಗೆ ಹಚ್ಚುವುದು ಬೇಡ. ಪುಷ್ಯಮಾಸದ ಮುಂಜಾವಿನಲ್ಲಿ ಒದ್ದೆಬಟ್ಟೆಯಲ್ಲಿ ಕುಳಿತವನ ಕಷ್ಟವೇನೆಂದು ಮಾತ್ರ ಊಹಿಸಬಹುದು. ಪಂಡಿತರು ಆ ಕಾವ್ಯದ ಓಟಕ್ಕೆ ಭಾಮಿನೀ ಷಟ್ಪದಿಯ ಲಯವನ್ನು ಕಾರಣವಾಗಿ ಹೇಳುತ್ತಾರೆ. ಬೆಟಗೇರಿಯ ಹಾಲಿನವನನ್ನು ಕೇಳಿದರೆ, “ಥಂಡಿಯಾಗ ನಿಂತ್ರ ನಡಗ್ತೈತ್ರಿ, ಓಡಾಕ ಬೇಕು” ಎಂದಾನು. ವಿಮರ್ಶೆಯಲ್ಲಿ ಇದಕ್ಕೂ ಒಂದು ಅಡಿಯಷ್ಟು ಸ್ಥಳ ಸಿಗಬೇಕು.

ಆದರೆ ಈ ಚಳಿಯ ರಸ್ತೆಯ ಮೇಲೆ ನಗೆಯಿಂದ ಮುಗಿಸಲಾಗದ ಒಂದು ವಿಷಯವಿದೆ. ಹಾಲಿನವನೂ ಸೊಪ್ಪಿನ ಮುದುಕನೂ ಗಟ್ಟಿಜೀವಗಳು. ಅವರು ಇಂದು ಹೋಗದಿದ್ದರೆ ನಾಳೆ ಹೋಗುವರು. ಸಾಲಿನ ಕೊನೆಯಲ್ಲಿ ಬರುವ ಒಬ್ಬ ಹುಡುಗಿಗೆ ಅಂಥ ನಾಳೆ ಇಲ್ಲ.

ಶಿರಹಟ್ಟಿಯ ಕಡೆಯ ಯಾವುದಾದರೊಂದು ಹಳ್ಳಿಯವಳು ಎಂದಿಟ್ಟುಕೊಳ್ಳೋಣ. ಹತ್ತನೆಯ ತರಗತಿ. ಪರೀಕ್ಷೆ ಹತ್ತಿರ ಬಂತೆಂದು ಶಾಲೆಯವರು ಬೆಳಗಿನಲ್ಲಿ ವಿಶೇಷ ತರಗತಿಯನ್ನಿಟ್ಟಿದ್ದಾರೆ. ಆ ಹೊತ್ತಿಗೆ ಬಸ್ಸಿಲ್ಲ. ಅವಳ ಸೈಕಲ್ಲು ಅವಳದಲ್ಲ, ಅಕ್ಕನದು; ಅಕ್ಕನಿಗೆ ಎಂಟನೆಯ ತರಗತಿಯಲ್ಲಿ ಸರಕಾರದಿಂದ ಬಂದುದು. ಕರ್ನಾಟಕವು 2006-07ರಲ್ಲಿ ಹೈಸ್ಕೂಲಿಗೆ ಕಾಲಿಡುವ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡತೊಡಗಿತು. ವರ್ಷವರ್ಷವೂ ಹಳ್ಳಿಯ ರಸ್ತೆಗಳಲ್ಲಿ ಒಂದೇ ಬಣ್ಣದ ಸೈಕಲ್ಲುಗಳು ಹಿಂಡುಹಿಂಡಾಗಿ ಹೊರಡುತ್ತಿದ್ದುವು. ಕೋವಿಡ್ ಬಂದ 2020-21ರಲ್ಲಿ ಹಂಚಿಕೆ ನಿಂತಿತು. ಆಮೇಲೆ ಎಂಟನೆಯ ತರಗತಿಗೆ ಬಂದ ತಂಗಿಯರು ಅಕ್ಕಂದಿರ ಸೈಕಲ್ಲುಗಳನ್ನೇ ಏರಿದರು. ಆಸನದ ಚರ್ಮ ಹರಿದು ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದೆ, ಕ್ಯಾರಿಯರಿಗೆ ಹಳೆಯ ಟ್ಯೂಬಿನ ಪಟ್ಟಿ ಸುತ್ತಿದೆ, ದೀಪವಿಲ್ಲ.

ಸೈಕಲ್ಲಿಗೂ ಹೆಣ್ಣುಮಕ್ಕಳ ಓದಿಗೂ ಏನು ಸಂಬಂಧವೆಂದು ಕೇಳುವವರಿಗೆ ಬಿಹಾರದ ಒಂದು ಉದಾಹರಣೆಯಿದೆ. ಅಲ್ಲಿಯೂ 2006ರಲ್ಲಿ ಹೈಸ್ಕೂಲು ಸೇರುವ ಹುಡುಗಿಯರಿಗೆ ಸೈಕಲ್ಲಿನ ಯೋಜನೆ ಬಂತು. ಅದರ ಫಲವನ್ನು ಅಳೆದು 2017ರಲ್ಲಿ ಪ್ರಕಟವಾದ ಅಧ್ಯಯನವು, ವಯಸ್ಸಿಗೆ ತಕ್ಕಂತೆ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತೆಂದೂ, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಕಡಿಮೆಯಾಯಿತೆಂದೂ ಕಂಡುಕೊಂಡಿತು. ಶಾಲೆ ದೂರವಿದ್ದ ಹಳ್ಳಿಗಳಲ್ಲಿಯೇ ಫಲ ಹೆಚ್ಚು. ಹಳ್ಳಿಯ ಹುಡುಗಿಯ ಓದಿಗೆ ಅಡ್ಡ ಬರುತ್ತಿದ್ದುದು ಬುದ್ಧಿಯ ಕೊರತೆಯಲ್ಲ, ನಾಲ್ಕೈದು ಕಿಲೋಮೀಟರು ರಸ್ತೆ ಎಂಬುದು ಅದರ ಸಾರಾಂಶ.

ಈಗ ಆ ನಾಲ್ಕೈದು ಕಿಲೋಮೀಟರುಗಳನ್ನು ಜನವರಿಯ ಬೆಳಗಿನ ಆರೂಕಾಲರಲ್ಲಿ ಇಟ್ಟು ನೋಡಬೇಕು. ಕತ್ತಲೆ. ಬೆರಳುಗಳು ಮರಗಟ್ಟಿ ಬ್ರೇಕನ್ನು ಬಿಗಿಯಾಗಿ ಹಿಡಿಯಲಾರವು. ಹಿಡಿದರೂ ಇಬ್ಬನಿಗೆ ರಿಮ್ಮು ಜಾರುತ್ತದೆ. ಎದುರಿಗೆ ಲಾರಿಯೊಂದು ಕಣ್ಣು ಕೋರೈಸುವ ದೀಪಗಳನ್ನು ತಗ್ಗಿಸದೆ ಬರುತ್ತದೆ. ಹುಡುಗಿ ಡಾಂಬರನ್ನು ಬಿಟ್ಟು ಅಂಚಿಗಿಳಿಯುತ್ತಾಳೆ. ಅಂಚು ಎಲ್ಲಿ ಮುಗಿದು ತಗ್ಗು ಎಲ್ಲಿ ಮೊದಲಾಗುತ್ತದೆಂದು ಕಾಣುವುದಿಲ್ಲ. ಬೀಳುತ್ತಾಳೆ. ಏಳುತ್ತಾಳೆ. ಮೊಣಕಾಲು ತರಚಿದೆ, ಪುಸ್ತಕಗಳಿಗೆ ಮಣ್ಣು ಮೆತ್ತಿದೆ, ಅಷ್ಟಕ್ಕೇ ಮುಗಿಯಿತು. ಆದರೆ ಸಂಜೆ ಮನೆಯಲ್ಲಿ ತಂದೆಯು ಆ ಮೊಣಕಾಲನ್ನು ನೋಡುತ್ತಾನೆ. ಅವನು ಕಠಿಣ ಮನುಷ್ಯನೇನಲ್ಲ. ಮಗಳು ಓದಲೆಂದು ಬಯಸುವವನೇ. ಅವನ ಬಾಯಿಂದ ಬರುವುದು ಒಂದೇ ಮಾತು: “ನಾಳಿಂದ ಕತ್ತಲಾಗ ಹೋಗೂದು ಬ್ಯಾಡವ್ವಾ.” ಆ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ, ಅದು ಪ್ರೀತಿಯ ಮಾತು. ವಿಶೇಷ ತರಗತಿ ತಪ್ಪುತ್ತದೆ. ಗಣಿತ ಹಿಂದೆ ಬೀಳುತ್ತದೆ. ಮಾರ್ಚಿನಲ್ಲಿ ಫಲಿತಾಂಶದ ಭಯ, ಮೇನಲ್ಲಿ ವರನ ವಿಚಾರ. ಒಂದು ಬದುಕು ತಿರುಗಿದುದು ಯಾವ ದುಷ್ಟನಿಂದಲೂ ಅಲ್ಲ. ಒಂದು ದೀಪವಿಲ್ಲದ ಸೈಕಲ್ಲು, ಒಂದು ತಗ್ಗಿಸದ ದೀಪ, ಒಂದು ಒಡೆದ ರಸ್ತೆಯಂಚು ಇವುಗಳಿಂದ.

ಹಾಗಾದರೆ ಏನು ಮಾಡಬೇಕು? ಚಳಿಯನ್ನು ಯಾರೂ ನಿಲ್ಲಿಸಲಾರರು, ರೇಖಾಂಶವನ್ನು ಸರಿಸಲಾರರು. ಉಳಿದುವೆಲ್ಲ ಮನುಷ್ಯರ ಕೈಯಲ್ಲಿರುವ ಸಣ್ಣ ಸಂಗತಿಗಳು. ಗದಗ ತಾಲೂಕಿನ ಕಣಗಿನಹಾಳವು ಈ ವಿಷಯದಲ್ಲಿ ನೆನೆಯತಕ್ಕ ಊರು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಅಲ್ಲಿ. ಒಬ್ಬೊಬ್ಬನೇ ಹೊರಲಾರದ ಸಾಲದ ಭಾರವನ್ನು ಹತ್ತು ಜನ ಸೇರಿದರೆ ಹೊರಬಹುದೆಂದು ಆ ಹಳ್ಳಿಯವರು ಶತಮಾನದ ಹಿಂದೆಯೇ ತೋರಿಸಿಕೊಟ್ಟರು. ಅಂಥ ನಾಡಿನಲ್ಲಿ ಕತ್ತಲೆಯ ಭಾರವನ್ನು ಹಂಚಿಕೊಳ್ಳುವುದು ಅಸಾಧ್ಯವೆ? ಸೈಕಲ್ಲಿನ ಹಿಂಬದಿಗೆ ಹಚ್ಚುವ ಒಂದು ಕೆಂಪು ಪ್ರತಿಫಲಕಕ್ಕೆ ದೊಡ್ಡ ಹಣ ಬೇಕಾಗಿಲ್ಲ; ಪೇಟೆಯವರು ಸಂಜೆ ತಿನ್ನುವ ಒಂದೆರಡು ತಟ್ಟೆ ಮಿರ್ಚಿಯಲ್ಲಿ ಅದು ತೀರುತ್ತದೆ. ಹಳೆಯ ಸ್ವೆಟರುಗಳು ಯಾವ ಮನೆಯ ಪೆಟ್ಟಿಗೆಯಲ್ಲಿಲ್ಲ? ಒಂದು ಹಳ್ಳಿಯ ನಾಲ್ಕು ಹುಡುಗಿಯರು ಕೂಡಿ ಹೊರಟರೆ, ಹಾಲಿನವನು ತನ್ನ ವೇಳೆಯನ್ನು ಹತ್ತು ನಿಮಿಷ ಹೊಂದಿಸಿ ಅವರ ಜೊತೆಗೆ ತುಳಿದರೆ, ರಸ್ತೆಯ ಅರ್ಧ ಕತ್ತಲೆ ಹೋಯಿತು. ಕಾರಿನವರು ಎದುರಿನ ಸೈಕಲ್ಲನ್ನು ಕಂಡು ದೀಪ ತಗ್ಗಿಸಿದರೆ ಅದಕ್ಕೆ ಬೆರಳಿನ ಒಂದು ಚಲನೆಯಷ್ಟೇ ಖರ್ಚು. ಶಾಲೆಯ ಗಂಟೆ ಜನವರಿಯಲ್ಲಿ ಅರ್ಧ ತಾಸು ಹಿಂದೆ ಸರಿದರೆ ವಿದ್ಯೆಯೇನೂ ಓಡಿಹೋಗುವುದಿಲ್ಲ. ಆ ಸೀಮೆಯ ಸೂರ್ಯನೇ ಅರ್ಧ ತಾಸು ತಡವಾಗಿ ಬರುತ್ತಾನಲ್ಲ!

ಏಳು ದಾಟಿ ಅರ್ಧ ಗಂಟೆಯಾಯಿತೆಂದರೆ ರಸ್ತೆಯ ರೂಪವೇ ಬೇರೆ. ಜೋಳದ ಗರಿಗಳ ಮೇಲಿನ ಇಬ್ಬನಿ ಮಿನುಗಿ ಇಲ್ಲವಾಗುತ್ತದೆ. ಚಹದಂಗಡಿಯ ಮುಂದೆ ಸೈಕಲ್ಲುಗಳು ಒಂದಕ್ಕೊಂದು ಒರಗಿ ನಿಲ್ಲುತ್ತವೆ. ಗಾಜಿನ ಲೋಟವನ್ನು ಜನ ಕುಡಿಯುವುದಕ್ಕಿಂತ ಹೆಚ್ಚಾಗಿ ಹಿಡಿದುಕೊಳ್ಳುತ್ತಾರೆ. ಮಫ್ಲರುಗಳು ಕೊರ‍ಳಿನಿಂದ ಇಳಿದು ಹ್ಯಾಂಡಲಿಗೆ ಸುತ್ತಿಕೊಳ್ಳುತ್ತವೆ. ಬೆಳಗಿನ ಕಷ್ಟವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಹೇಳುವಂಥದೇನೂ ಆಗಿಲ್ಲವೆಂಬಂತೆ ಹುರುಳಿಯ ದರ, ಹೆಸರಿನ ದರ ಮಾತಾಡುತ್ತಾರೆ. ಶಿವರಾತ್ರಿಗೆ ಚಳಿಯು ಶಿವ ಶಿವಾ ಎಂದು ಹೋಗುತ್ತದೆಂಬ ಗಾದೆಯಿದೆ. ಹೋಗುವುದು ನಿಜ, ಬರುವ ಮಾರ್ಗಶಿರಕ್ಕೆ ತಿರುಗಿ ಬರುವುದೂ ಅಷ್ಟೇ ನಿಜ. ಅದು ತಿರುಗಿ ಬಂದಾಗ ರಸ್ತೆಯ ಆ ಸಾಲಿನಲ್ಲಿ ಹಾಲಿನವನಿರುತ್ತಾನೆ, ಪತ್ರಿಕೆಯ ಹುಡುಗನಿರುತ್ತಾನೆ, ಸೊಪ್ಪಿನ ಮುದುಕನೂ ದೇವರ ದಯೆಯಿಂದ ಇರುತ್ತಾನೆ. ಸಾಲಿನ ಕೊನೆಯ ಸೈಕಲ್ಲಿನ ಹುಡುಗಿ ಆಗ ಕಾಲೇಜಿನ ದಾರಿಯಲ್ಲಿರುತ್ತಾಳೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಥಂಡಿಯಲ್ಲ.